ಫ್ಲ್ಯಾಪ್ ಹಿಡಿದಿದೆ, ಸ್ಪರ್ಶ ಯಾಕೆ ಬಂದಿಲ್ಲ?

ಪ್ರಶ್ನೆ: ಬೈಕ್ ಅಪಘಾತದಲ್ಲಿ ಹಿಮ್ಮಡಿಯ ಚರ್ಮ ಕಿತ್ತುಹೋಗಿತ್ತು. ತೊಡೆಯಿಂದ ಫ್ಲ್ಯಾಪ್, ಅಂದರೆ ರಕ್ತನಾಳ ಸಮೇತ ಚರ್ಮದ ತುಂಡು, ತೆಗೆದು ಅಲ್ಲಿಗೆ ಹಾಕಿದ್ದಾರೆ. ಐದು ತಿಂಗಳಾಯಿತು, ಬಣ್ಣ ಚೆನ್ನಾಗಿದೆ, ಆದರೆ ಮುಟ್ಟಿದರೆ ಗೊತ್ತಾಗಲ್ಲ. ಆಪರೇಷನ್ ಫೇಲ್ ಆಯ್ತಾ?

ಉತ್ತರ: ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಫ್ಲ್ಯಾಪ್ ಬದುಕುವುದು ರಕ್ತದಿಂದ, ಸ್ಪರ್ಶ ಬರುವುದು ನರದಿಂದ. ನೀವು ಬರೆಯದೇ ಬಿಟ್ಟಿರುವುದು ಒಂದೇ ವಿಷಯ, ಅದೇ ಮುಖ್ಯ: ನರ ಜೋಡಿಸಿದ್ದಾರಾ? ಡಿಸ್ಚಾರ್ಜ್ ಸಮರಿ ತೆಗೆದು ನೋಡಿ. ತೊಡೆಯ ಹೊರಬದಿಯ ಫ್ಲ್ಯಾಪ್ ಜೊತೆ ಅಲ್ಲಿನ ಚರ್ಮದ ನರವನ್ನೂ ತಂದು ಕಾಲಿನ ನರಕ್ಕೆ ಹೊಲಿಯಬಹುದು. ಹೊಲಿದ ಕೂಡಲೇ ಸ್ಪರ್ಶ ಬರಲ್ಲ. ಫ್ಲ್ಯಾಪಿನ ನರದೊಳಗಿನ ಹಳೇ ಎಳೆಗಳು ಸತ್ತುಹೋಗಿ, ಕಾಲಿನ ಕಡೆಯಿಂದ ಹೊಸ ಎಳೆ ಬೆಳೆದು ಬರಬೇಕು, ಅದೂ ದಿನಕ್ಕೆ ಸುಮಾರು 1 ಮಿ.ಮೀ. ಅಷ್ಟೇ. 10 ಸೆಂ.ಮೀ. ದಾರಿ ಇದ್ದರೆ ಸುಮಾರು 100 ದಿನ, ಹೊರಡುವುದಕ್ಕೇ ಇನ್ನೂ ಕೆಲವು ವಾರ.

ಹೊಲಿಗೆಯಿಂದ ಶುರುಮಾಡಿ ನರದ ದಾರಿಯಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಒಂದು ಕಡೆ ಜುಂ ಅನ್ನುತ್ತದೆ. ಅಲ್ಲಿ ಪೆನ್ನಿನಿಂದ ಗುರುತು ಹಾಕಿ ಫೋಟೋ ತೆಗೆದಿಡಿ. ಮುಂದಿನ ತಿಂಗಳು ಆ ಜಾಗ ಫ್ಲ್ಯಾಪ್ ಒಳಕ್ಕೆ ಸರಿದಿದ್ದರೆ ನರ ಬೆಳೆಯುತ್ತಿದೆ. ಟಿನೆಲ್ ಚಿಹ್ನೆ ಅನ್ನುತ್ತಾರೆ, 1915ರಿಂದ ಇದೆ, ಪೈಸೆ ಖರ್ಚಿಲ್ಲ. ಆದರೂ ಎಲ್ಲರೂ ಎಂಆರ್‌ಐ ಮಾಡಿಸ್ಲಾ ಅಂತಲೇ ಕೇಳುತ್ತಾರೆ.

ನರ ಜೋಡಿಸಿಲ್ಲವಾ? ಆಗಲೂ ಅಂಚಿನಿಂದ, ತಳದಿಂದ ಒಂದಿಷ್ಟು ಎಳೆ ಬರುತ್ತವೆ. ನಿಧಾನ, ಅಲ್ಲೊಂದು ಇಲ್ಲೊಂದು ಕಡೆ. ನಡುಭಾಗ ಮರಗಟ್ಟಿಯೇ ಉಳಿಯಬಹುದು. ಹಾಗಿದ್ದೂ ಎಷ್ಟೋ ಜನ ಚೆನ್ನಾಗಿ ನಡೆಯುತ್ತಾರೆ. ಅಂಗಾಲಿನ ಒಳಬದಿಯ ಕಮಾನಿನ ಚರ್ಮವನ್ನು ನರ ಸಮೇತ ಹಿಮ್ಮಡಿಗೆ ತಿರುಗಿಸಿದರೆ ಸ್ಪರ್ಶ ಶುರುವಿನಿಂದಲೇ ಇರುತ್ತದೆ, ನಿಜ. ಆದರೆ ಅಲ್ಲಿ ಸಿಗುವ ಚರ್ಮ ದೊಡ್ಡ ಗಾಯಕ್ಕೆ ಸಾಲದು. ಅದನ್ನೇ ಯಾಕೆ ಮಾಡಲಿಲ್ಲ ಅಂತ ಡಾಕ್ಟರ ಜೊತೆ ಸುಮ್ನೆ ಜಗಳ ತೆಗೆಯಬೇಡಿ.

ನನಗೆ ಸಿಟ್ಟು ಬರುವುದು ‘ನರ ಎಬ್ಬಿಸ್ತೀನಿ’ ಅಂತ ಬಿಸಿ ಇಟ್ಟಿಗೆ, ಕಾದ ಎಣ್ಣೆ ಇಡುವವರ ಮೇಲೆ. ಮರಗಟ್ಟಿದ ಚರ್ಮಕ್ಕೆ ಸುಟ್ಟಿದ್ದೇ ಗೊತ್ತಾಗಲ್ಲ, ಬೊಬ್ಬೆ ಒಡೆದು ಕಾಲುಚೀಲ ಒದ್ದೆಯಾದಾಗಲೇ ಗೊತ್ತಾಗುವುದು. ಆಮೇಲೆ ನಮ್ಮ ಹತ್ತಿರ ಓಡಿ ಬರುತ್ತಾರೆ. ಸ್ಪರ್ಶ ಬರುವ ತನಕ ಸ್ನಾನದ ನೀರನ್ನು ಮೊದಲು ಕೈಯಿಂದ ನೋಡಿ, ದಿನಾ ರಾತ್ರಿ ಕನ್ನಡಿ ಹಿಡಿದು ಹಿಮ್ಮಡಿ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ. ದೇವರು ಬೇಜಾರು ಮಾಡಿಕೊಳ್ಳಲ್ಲ.

ಪ್ರಶ್ನೆ: ಉಂಗುರ ಬೆರಳಿನ ಚರ್ಮವನ್ನು ನರ ಸಮೇತ ಹೆಬ್ಬೆರಳಿಗೆ ಹಾಕಿದ್ದಾರೆ. ಹೆಬ್ಬೆರಳು ಮುಟ್ಟಿದರೆ ಉಂಗುರ ಬೆರಳು ಮುಟ್ಟಿದ ಹಾಗಾಗುತ್ತದೆ!

ಉತ್ತರ: ಹಾಗೇ ಆಗಬೇಕು. ನರ ಉಂಗುರ ಬೆರಳಿನದೇ, ಮೆದುಳಿಗೆ ಬದಲಾವಣೆ ಗೊತ್ತಿಲ್ಲ. ನಾಣ್ಯ, ಗುಂಡಿ, ಬೇಳೆಕಾಳು ಹಿಡಿದು, ಮೊದಲು ನೋಡುತ್ತಾ, ಆಮೇಲೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಕೆಲವರಿಗೆ ಈ ಗೊಂದಲ ಪೂರ್ತಿ ಹೋಗುವುದೇ ಇಲ್ಲ.

ಪ್ರಶ್ನೆ: ಬಿ12 ಮಾತ್ರೆ ತಗೊಂಡರೆ ಸ್ಪರ್ಶ ಬೇಗ ಬರುತ್ತಾ?

ಉತ್ತರ: ಕೊರತೆ ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ದುಡ್ಡು ದಂಡ.

ಪ್ರಶ್ನೆ: ಆಪರೇಷನ್ ಆದಮೇಲೆ ದಿನಕ್ಕೆ ಎರಡೇ ಸಿಗರೇಟ್?

ಉತ್ತರ: ಒಂದೂ ಬೇಡ.

ಪ್ರಶ್ನೆ: ಶುಗರ್‌ನಿಂದ ಪಾದ ಮೊದಲೇ ಮರಗಟ್ಟಿದೆ. ಫ್ಲ್ಯಾಪ್ ಹಾಕಿಸಿದರೆ ಸ್ಪರ್ಶ ಬರುತ್ತಾ?

ಉತ್ತರ: ಆ ಆಸೆ ಬಿಡಿ. ಎಳೆ ಕಳಿಸಬೇಕಾದ ನರವೇ ಕೆಟ್ಟಿದೆ. ಗಾಯ ಮುಚ್ಚಬಹುದು, ಅಷ್ಟೇ. ಅಳತೆ ಕೊಟ್ಟು ಮೆತ್ತನೆ ಚಪ್ಪಲಿ ಮಾಡಿಸಿಕೊಳ್ಳಿ, ಮನೆಯೊಳಗೂ ಹಾಕಿಕೊಳ್ಳಿ.