ಮಾರಲಾಗದ ಷೇರು ಇದ್ದವರ ಮತ

ಪ್ರಶ್ನೆ: ನನ್ನ ಮಗಳು, ಅಳಿಯ ಅಲಾಸ್ಕಾದ ಆಂಕರೇಜ್‌ನಲ್ಲಿದ್ದಾರೆ. ಪಕ್ಕದ ಮನೆಯಲ್ಲಿ ಯೂಪಿಕ್ ಎಂಬ ಮೂಲನಿವಾಸಿ ಜನಾಂಗದ ಅಜ್ಜಿ ಒಬ್ಬರಿದ್ದಾರಂತೆ. ಅವರ ಬುಡಕಟ್ಟಿನ ಕಂಪನಿ ಪ್ರತಿ ವರ್ಷ ಮತದ ಕಾಗದ ಕಳಿಸುತ್ತದೆ, ಬೇಗ ತುಂಬಿ ಕಳಿಸಿದವರ ಹೆಸರನ್ನು ಚೀಟಿ ಎತ್ತಿ ಬಹುಮಾನವನ್ನೂ ಕೊಡುತ್ತದೆ ಎಂದು ಮಗಳು ಹೇಳಿದಳು. ಇದು ನಮ್ಮಲ್ಲಿ ಚುನಾವಣೆಗೆ ಸೀರೆ ಹಂಚಿದ ಹಾಗೇ ಅಲ್ವಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಾಗೆ ಕಾಣುತ್ತದೆ ನಿಜ. ಆದರೆ ಸೀರೆ ಕೊಡುವವರು ‘ನಮಗೇ ಹಾಕಿ’ ಅಂತಾರೆ. ಯಾರಿಗೆ ಹಾಕಿದರೂ ಚೀಟಿಯಲ್ಲಿ ಹೆಸರು ಸೇರುತ್ತದೆ ಅಂತಾದರೆ ನನಗೇನೂ ತಕರಾರಿಲ್ಲ. ಅಲ್ಲಿಯ ಕಷ್ಟ ಕೋರಂನದು, ಅಂದರೆ ಸಭೆ ನಡೆಯಲು ಬೇಕಾದಷ್ಟು ಮತ ಸೇರುವುದರದು. ಷೇರುದಾರರು ದೂರದ ಉತ್ತರದ ಹಳ್ಳಿಗಳಿಂದ ಹಿಡಿದು ಸಿಯಾಟಲ್‌ವರೆಗೆ ಚದುರಿ ಹೋಗಿದ್ದಾರೆ. ಸಾಕಷ್ಟು ಮತ ಬರದಿದ್ದರೆ ವಾರ್ಷಿಕ ಸಭೆಯೇ ನಡೆಯುವುದಿಲ್ಲ, ಹಳೆ ನಿರ್ದೇಶಕರೇ ಕುರ್ಚಿಯಲ್ಲಿ ಮುಂದುವರಿಯುತ್ತಾರೆ, ಮತ್ತೆ ಸಭೆ ಕರೆಯುವ ಖರ್ಚೂ ಷೇರುದಾರರ ದುಡ್ಡಿನದ್ದೇ.

ನನಗೆ ಬಹುಮಾನಕ್ಕಿಂತ ಪ್ರಾಕ್ಸಿಯದ್ದೇ (ನಮ್ಮ ಪರವಾಗಿ ಮತ ಹಾಕಲು ಇನ್ನೊಬ್ಬರಿಗೆ ಬರೆದುಕೊಡುವ ಕಾಗದ) ಯೋಚನೆ. ಬಹಳ ಜನ ಓದದೆ ಸಹಿ ಹಾಕಿ, ತಮ್ಮ ಮತವನ್ನು ಆಡಳಿತ ಮಂಡಳಿಯ ಕೈಗೇ ಕೊಟ್ಟುಬಿಡುತ್ತಾರೆ. ಅಭ್ಯರ್ಥಿಗಳ ಹೆಸರು ಓದಿ, ಬೇಕಾದವರಿಗೆ ಮತ ಹಂಚಿ, ಆಮೇಲೆ ಸಹಿ ಹಾಕಲಿ. ಮನಸ್ಸು ಬದಲಾದರೆ ಹೊಸ ತಾರೀಖಿನ ಪ್ರಾಕ್ಸಿ ಕಳಿಸಬಹುದು, ಆಗ ಹಳೆಯದು ರದ್ದಾಗುತ್ತದೆ.

ಪ್ರಶ್ನೆ: ಆದಿವಾಸಿಗಳಿಗೆ ಕಂಪನಿ ಯಾಕೆ? ಒಬ್ಬರಿಗೆ 100 ಷೇರು ಅಂತ ಓದಿದೆ. ಅಷ್ಟಕ್ಕೆ ಮತ ಹಾಕಿ ಏನು ಬಂತು?
– ಓದುಗರೊಬ್ಬರು, ಮೈಸೂರು

ಉತ್ತರ: 1971ರ ಡಿಸೆಂಬರ್ 18ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಒಂದು ಕಾನೂನಿಗೆ ಸಹಿ ಹಾಕಿದರು. ಅಲಾಸ್ಕಾದ ಮೂಲನಿವಾಸಿಗಳು ತಮ್ಮ ಭೂಮಿಯ ಹಕ್ಕು ಬಿಟ್ಟುಕೊಡಬೇಕು, ಬದಲಿಗೆ ಅವರಿಗೆ ಸುಮಾರು 4.4 ಕೋಟಿ ಎಕರೆ ಮತ್ತು 96.25 ಕೋಟಿ ಡಾಲರ್. ಆದರೆ ಅದನ್ನು ಬುಡಕಟ್ಟುಗಳ ಕೈಗೆ ಕೊಡಲಿಲ್ಲ. 12 ಪ್ರಾದೇಶಿಕ ಕಂಪನಿ, ಹಳ್ಳಿಗೊಂದರಂತೆ ಇನ್ನೂರಕ್ಕೂ ಹೆಚ್ಚು ಕಂಪನಿ ಮಾಡಿ ಅವುಗಳ ಹೆಸರಿಗೆ ಬರೆದರು. ಆ ದಿನ ಅಥವಾ ಅದಕ್ಕೆ ಮುಂಚೆ ಹುಟ್ಟಿದ್ದವರಿಗೆ ಸಾಮಾನ್ಯವಾಗಿ ತಲಾ 100 ಷೇರು. ಅಪ್ಪ ಅಮ್ಮನ ನೆಲ ಹೀಗೆ ಒಂದೇ ಸಹಿಯಲ್ಲಿ ಷೇರಾಗಿಬಿಟ್ಟಿತು. ಇದು ಸರಿಯೋ ತಪ್ಪೋ ಅಂತ ಅಲ್ಲಿಯವರು ಇವತ್ತಿಗೂ ಜಗಳಾಡುತ್ತಾರೆ.

ಈ ಷೇರನ್ನು ಪೇಟೆಯಲ್ಲಿ ಮಾರುವ ಹಾಗಿಲ್ಲ. ಮಕ್ಕಳಿಗೆ ಬಿಟ್ಟು ಹೋಗಬಹುದು, ಹತ್ತಿರದ ರಕ್ತಸಂಬಂಧಿಗಳಿಗೆ ಕೊಡಬಹುದು, ಅಷ್ಟೇ. ನೀವು, ನಾನು ಬೆಂಗಳೂರಿನ ಯಾವುದೋ ಕಂಪನಿಯ ನಾಲ್ಕು ಷೇರು ಇಟ್ಟುಕೊಂಡಿರುತ್ತೇವೆ, ಇ-ವೋಟಿಂಗ್ ಮೇಲ್ ಬಂದರೆ ತೆರೆಯದೆ ಅಳಿಸುತ್ತೇವೆ, ಆಡಳಿತ ಹಿಡಿಸದಿದ್ದರೆ ಸುಮ್ನೆ ಮಾರಿ ಕೈ ತೊಳೆದುಕೊಳ್ಳುತ್ತೇವೆ. ಅವರಿಗೆ ಆ ದಾರಿ ಇಲ್ಲ. ಕಾಡು ಕಡಿಯಬೇಕೇ, ಗಣಿ ತೋಡಬೇಕೇ, ಬಂದ ಲಾಭ ಹಂಚಬೇಕೇ ಅಥವಾ ಕೂಡಿಡಬೇಕೇ, ಇದನ್ನೆಲ್ಲ ನಿರ್ಧರಿಸುವ ಮಂಡಳಿಯನ್ನು ಹಿಡಿದಿಡಲು ಇರುವುದು ಮತ ಒಂದೇ. ನಿರ್ದೇಶಕರ ಚುನಾವಣೆಯಲ್ಲಿ ಎಲ್ಲ ಮತವನ್ನೂ ಒಬ್ಬರಿಗೇ ಹಾಕಲು ಬಿಡುವ ಕಂಪನಿಗಳಿವೆ. ಐದು ಸ್ಥಾನ ಇದ್ದರೆ 100 ಷೇರಿಗೆ 500 ಮತ, ಅಷ್ಟನ್ನೂ ಒಬ್ಬರಿಗೇ ಕೊಡಬಹುದು. ಸಣ್ಣ ಗುಂಪೂ ಒಬ್ಬರನ್ನು ಒಳಗೆ ಕಳಿಸಬಲ್ಲದು.

1971ರ ನಂತರ ಹುಟ್ಟಿದವರ ವಿಷಯ ನೋಡಿ. ಮೊದಲಿಗೆ ಅವರಿಗೆ ಷೇರೇ ಇರಲಿಲ್ಲ. ಆಮೇಲೆ ಕಾನೂನು ತಿದ್ದಿ, ಅವರನ್ನು ಸೇರಿಸಿಕೊಳ್ಳಬೇಕೇ ಎಂದು ನಿರ್ಧರಿಸುವುದನ್ನು ಷೇರುದಾರರಿಗೇ ಬಿಟ್ಟರು. ಸೇರಿಸಿಕೊಂಡರೆ ತಲಾ ಸಿಗುವ ಡಿವಿಡೆಂಡ್ ಕಡಿಮೆಯಾಗಬಹುದು. ಆದರೂ 2007ರಲ್ಲಿ ಸೀಲಾಸ್ಕಾ, 2015ರಲ್ಲಿ ಕಲಿಸ್ತಾ ಎಂಬ ಪ್ರಾದೇಶಿಕ ಕಂಪನಿಗಳ ಷೇರುದಾರರು ‘ಸೇರಿಸಿಕೊಳ್ಳಿ’ ಎಂದೇ ಮತ ಹಾಕಿದರು. ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ಹಿಡಿಸಿದ್ದು ಇದು.

ಪ್ರಶ್ನೆ: ಸರ್ಕಾರಿ ಚುನಾವಣೆಗೂ ಹೀಗೆಯೇ ಬಹುಮಾನ ಕೊಟ್ಟು ಮತ ಹಾಕಿಸಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ. ಸಂಸತ್ತಿಗೆ ಅಂದರೆ ಕಾಂಗ್ರೆಸ್‌ಗೆ, ಅದರ ಮೇಲ್ಮನೆ ಸೆನೆಟ್‌ಗೆ, ಅಧ್ಯಕ್ಷರ ಸ್ಥಾನಕ್ಕೆ ನಡೆಯುವ ಚುನಾವಣೆಯಲ್ಲಿ ಮತ ಹಾಕಿದ್ದಕ್ಕೆ ಹಣ ಕೊಡುವುದು ಅಮೆರಿಕದಲ್ಲಿ ಅಪರಾಧ. ಕಂಪನಿಗಳೂ ಸಂಘಗಳೂ ನೆನಪಿಸಬಹುದು, ಗಾಡಿ ಮಾಡಿ ಕರೆದುಕೊಂಡು ಹೋಗಬಹುದು, ಅರ್ಜಿ ತುಂಬಲು ಸಹಾಯ ಮಾಡಬಹುದು.

ಅಲಾಸ್ಕಾದಲ್ಲಿ ಮೂಲನಿವಾಸಿಗಳು ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ. 2010ರಲ್ಲಿ ಅಲ್ಲಿಯ ಸೆನೆಟರ್ ಲೀಸಾ ಮರ್ಕೌಸ್ಕಿ ಹೆಸರು ಮತಪತ್ರದಲ್ಲೇ ಇರಲಿಲ್ಲ. ಮತದಾರರು ಕೈಯಲ್ಲಿ ಬರೆದು ಅವರನ್ನು ಸೆನೆಟ್‌ಗೆ ಗೆಲ್ಲಿಸಿದರು, ಅದರಲ್ಲಿ ಹಳ್ಳಿಗಳ ಪಾಲು ದೊಡ್ಡದಿತ್ತು. 2022ರಲ್ಲಿ ಯೂಪಿಕ್ ಮಹಿಳೆ ಮೇರಿ ಪೆಲ್ಟೋಲಾ ಗೆದ್ದು ಕಾಂಗ್ರೆಸ್ಸಿಗೆ ಹೋದ ಮೊದಲ ಅಲಾಸ್ಕಾ ಮೂಲನಿವಾಸಿ ಆದರು. 2024ರಲ್ಲಿ ಕಡಿಮೆ ಅಂತರದಲ್ಲಿ ಸೋತರು.

ಹಳ್ಳಿಗಳಲ್ಲಿ ಮತದಾನ ಕಡಿಮೆಯಾದಾಗ ‘ಜನರಿಗೆ ಆಸಕ್ತಿ ಇಲ್ಲ’ ಎಂದು ಗೊಣಗುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಇಂಗ್ಲಿಷ್ ಬಾರದವರಿಗೆ ಮತವಿಲ್ಲ ಎಂಬ ನಿಯಮ ರಾಜ್ಯದ ಸಂವಿಧಾನದಲ್ಲೇ ಇತ್ತು, 1970ರಲ್ಲಿ ತೆಗೆದರು. ಯೂಪಿಕ್, ಗ್ವಿಚಿನ್ ಮಾತಾಡುವವರಿಗೆ ಅವರ ಭಾಷೆಯಲ್ಲಿ ಸಾಕಷ್ಟು ಸಹಾಯ ಸಿಗುತ್ತಿಲ್ಲ ಎಂದು 2014ರಲ್ಲೂ ಕೋರ್ಟ್ ಹೇಳಬೇಕಾಯಿತು. ಎಷ್ಟೋ ಹಳ್ಳಿಗಳಿಗೆ ರಸ್ತೆಯಿಲ್ಲ, ಮತಪತ್ರ ಸಣ್ಣ ವಿಮಾನದಲ್ಲಿ ಹೋಗುತ್ತದೆ, ಹವಾಮಾನ ಕೆಟ್ಟರೆ ಅದೂ ಇಲ್ಲ. 2022ರ ವಿಶೇಷ ಚುನಾವಣೆಯಲ್ಲಿ ಅಂಚೆ ಮತಪತ್ರದ ಕವರ್ ಮೇಲೆ ಸಾಕ್ಷಿಯ ಸಹಿ ಇಲ್ಲವೆಂದು ಹಳ್ಳಿಗಾಡಿನ ಎಷ್ಟೋ ಮತಗಳನ್ನು ತಳ್ಳಿಹಾಕಿದರು. ಅಂಚೆಯಲ್ಲಿ ಮತ ಹಾಕುವವರು ಆ ಸಹಿಯ ಜಾಗ ಖಾಲಿ ಇಲ್ಲ ಅಂತ ಎರಡು ಸಲ ನೋಡಿಯೇ ಕವರ್ ಅಂಟಿಸಲಿ.