ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸಣ್ಣ ದೋಣಿಗೆ ಫಿಶ್ ಫೈಂಡರ್

ಪ್ರ: ನಮ್ಮದು 28 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್. 10ರಿಂದ 20 ಮಾರು ನೀರಿನಲ್ಲಿ ಬಂಗುಡೆ, ಅಂಜಲ್‌ಗೆ ಬಲೆ ಬಿಡುತ್ತೇವೆ. ಅಂಗಡಿಯವರು 9 ಇಂಚಿನ ಪರದೆ, 4000 ವಾಟ್‌ನದ್ದೇ ತೆಗೆದುಕೊಳ್ಳಿ ಎನ್ನುತ್ತಾರೆ. ಬೇಕೇ? (ಗಂಗೊಳ್ಳಿ)

ಉ: ಬೇಡ. ಫಿಶ್ ಫೈಂಡರ್ ಎಂದರೆ ನೀರಿಗೆ ಶಬ್ದ ಕಳಿಸಿ, ಮರಳುವ ಪ್ರತಿಧ್ವನಿಯಿಂದ ಆಳ, ಮೀನು ತೋರಿಸುವ ಯಂತ್ರ. 20 ಮಾರು ಎಂದರೆ ಸುಮಾರು 37 ಮೀಟರ್. ಅಷ್ಟು ಆಳಕ್ಕೆ 200 ಕಿಲೋಹರ್ಟ್ಸ್‌ನ 300 ವಾಟ್ ಆರ್‌ಎಂಎಸ್ (ಸರಾಸರಿ ಶಕ್ತಿ) ಯಂತ್ರ ಧಾರಾಳವಾಯಿತು. ವಾಟ್ ಲೆಕ್ಕದಲ್ಲೇ ಒಂದು ಕಣ್ಕಟ್ಟು ಇದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕುವುದು ಬಹಳ ಸಲ ‘ಪೀಕ್ ಟು ಪೀಕ್’, ಅಂದರೆ ತುದಿಯಿಂದ ತುದಿಗೆ ಅಳೆದ ಅಂಕಿ. ಅದನ್ನು 8ರಿಂದ ಭಾಗಿಸಿದರೆ ಆರ್‌ಎಂಎಸ್ ಸಿಗುತ್ತದೆ. 4000 ಎಂದದ್ದು ಅಸಲಿಗೆ 500.

5 ಇಂಚಿನ ಪರದೆ ಸಾಕು, 7 ಇಂಚಾದರೆ ಅನುಕೂಲ. ಅಳತೆಗಿಂತ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುತ್ತದೆಯೇ ಎಂಬುದು ಮುಖ್ಯ. ಹಾಗಾಗಿ ಅಂಗಡಿಯ ಒಳಗೆ ನೋಡಿ ಒಪ್ಪಬೇಡಿ, ಹೊರಗೆ ತಂದು ಹಚ್ಚಿಸಿ ನೋಡಿ. ಉಳಿದ ದುಡ್ಡು, ನೀರಿಗೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಭಾಗವಾದ ಟ್ರಾನ್ಸ್‌ಡ್ಯೂಸರಿಗೆ ಹೋಗಲಿ. ಎರಡು ಆವರ್ತನದ, ಸಾಧ್ಯವಾದರೆ ಚರ್ಪ್ ಇರುವ ಟ್ರಾನ್ಸ್‌ಡ್ಯೂಸರ್ ತೆಗೆದುಕೊಳ್ಳಿ. ಶಬ್ದ ಕೆಳಕ್ಕೆ ಶಂಕುವಿನಂತೆ ಹರಡಿಕೊಂಡು ಹೋಗುತ್ತದೆ. 200 ಕಿಲೋಹರ್ಟ್ಸ್‌ನಲ್ಲಿ ಆ ಕೋನ 20 ಡಿಗ್ರಿ ಇದ್ದರೆ 37 ಮೀಟರ್ ಕೆಳಗೆ ಅದು ನೋಡುವ ವೃತ್ತದ ಅಗಲ 13 ಮೀಟರ್. 50 ಕಿಲೋಹರ್ಟ್ಸ್‌ನಲ್ಲಿ ಕೋನ 45 ಡಿಗ್ರಿಯ ಆಸುಪಾಸು, ವೃತ್ತ 30 ಮೀಟರ್. ಅಗಲವಾದದ್ದು ಹುಡುಕಲು, ಕಿರಿದಾದದ್ದು ವಿವರ ನೋಡಲು. ಚರ್ಪ್ ಒಂದೇ ಆವರ್ತನದ ಬದಲು ಒಂದು ವ್ಯಾಪ್ತಿಯ ಆವರ್ತನಗಳನ್ನು ಸಾಲಾಗಿ ಕಳಿಸುತ್ತದೆ. ನೆಲದಿಂದ ಮೊಳದಷ್ಟು ಮೇಲಿರುವ ಮೀನು ನೆಲಕ್ಕೆ ಅಂಟಿಕೊಂಡಂತೆ ಕಾಣದೆ ಬಿಡಿಯಾಗಿ ಕಾಣುವುದು ಇದರಿಂದ.

ಇನ್ನೊಂದು ಮಾತು. ಪರ್ಸೀನ್ ಬೋಟಿನವರು (ಹಿಂಡಿನ ಸುತ್ತ ದೊಡ್ಡ ಬಲೆ ಸುತ್ತಿ ಹಿಡಿಯುವವರು) ದೂರದ ಮೀನಿನ ಹಿಂಡನ್ನು ಸುತ್ತ ತಿರುಗಿ ಹುಡುಕುವ ಸೋನಾರ್ ಬೇರೆ, ನೀವು ಕೊಳ್ಳುವುದು ಬೇರೆ. ಇದು ದೋಣಿಯ ಅಡಿಗೆ ನೆಟ್ಟಗೆ ಮಾತ್ರ ನೋಡುತ್ತದೆ. ಮೇಲಿನ ಒಂದು ಮಾರು ನೀರಿನಲ್ಲಿ ಸುಳಿದಾಡುವ ಬಂಗುಡೆಗೆ ನಿಮ್ಮ ಕಣ್ಣೇ ವಾಸಿ. ಜಿಪಿಎಸ್ ಸೇರಿರುವ ಮಾದರಿಯನ್ನೇ ಕೊಳ್ಳಿ. ಬಲೆ ಹರಿಯುವ ಕಲ್ಲಿನ ಜಾಗಗಳನ್ನು ಗುರುತು ಹಾಕಿಟ್ಟುಕೊಂಡರೆ ಮೀನು ಕಾಣುವುದಕ್ಕಿಂತ ಅದೇ ಮೊದಲು ದುಡ್ಡು ಉಳಿಸುತ್ತದೆ.

ಪ್ರ: ನಿಧಾನಕ್ಕೆ ಹೋದರೆ ಆಳ ಸರಿಯಾಗಿ ತೋರಿಸುತ್ತದೆ. ವೇಗ ಹೆಚ್ಚಿಸಿದರೆ ನೆಲವೇ ಮಾಯ. ಯಂತ್ರ ಹಾಳೇ? (ಭಟ್ಕಳ)

ಉ: ಯಂತ್ರವಲ್ಲ, ಗಾಳಿ. ಟ್ರಾನ್ಸ್‌ಡ್ಯೂಸರಿನ ಮುಖದ ಕೆಳಗೆ ಗುಳ್ಳೆ ಹಾದುಹೋದರೆ ಶಬ್ದ ಅಲ್ಲೇ ನಿಲ್ಲುತ್ತದೆ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಕೂರಿಸಿದ ಜಾಗದ್ದೇ.

ದೋಣಿಯನ್ನು ದಡಕ್ಕೆ ಎಳೆದಾಗ ಹಿಂದೆ ನಿಂತು ತಳ ನೋಡಿ. ಉದ್ದಕ್ಕೆ ಓಡುವ ಏಣು, ತಿರುಪಿನ ತಲೆ, ನೀರೆಳೆಯುವ ತೂತು ಯಾವುದರ ನೇರಕ್ಕೂ ಟ್ರಾನ್ಸ್‌ಡ್ಯೂಸರ್ ಬರಬಾರದು. ಅವೆಲ್ಲ ಗುಳ್ಳೆ ಎಬ್ಬಿಸುತ್ತವೆ. ಪ್ರೊಪೆಲ್ಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರವಿರಲಿ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಪ್ರೊಪೆಲ್ಲರಾದರೆ ಬಲಬದಿಗೆ ಕೂರಿಸಿ. ಎಲೆ ಕೆಳಕ್ಕಿಳಿಯುವ ಬದಿ ಅದು, ಅಲ್ಲಿ ನೀರು ಶಾಂತ. ಮುಖ ತಳಕ್ಕಿಂತ 3 ಮಿಲಿಮೀಟರ್ ಕೆಳಗಿರಲಿ. ಬಲೆ, ಆಳು, ಮಂಜುಗಡ್ಡೆ ಎಲ್ಲ ತುಂಬಿದ ದೋಣಿ ನೀರಿನಲ್ಲಿ ನಿಂತಂತೆ ಲೆಕ್ಕ ಹಿಡಿದು ಮುಖ ನೀರಿಗೆ ಸಮಾಂತರವಾಗಿರಬೇಕು. ಖಾಲಿ ದೋಣಿಯಲ್ಲಿ ಸರಿಮಾಡಿದ್ದು ತುಂಬಿದಾಗ ವಾಲುತ್ತದೆ. ಆಮೇಲೂ ವೇಗದಲ್ಲಿ ನೆಲ ತಪ್ಪಿದರೆ ಮತ್ತೆ 3 ಮಿಲಿಮೀಟರ್ ಇಳಿಸಿ, ಓಡಿಸಿ ನೋಡಿ. ಒಂದೇ ಸಲ ಇಂಚು ಇಳಿಸಿದರೆ ನೀರು ಸಿಡಿದು ಹೊಸ ಗುಳ್ಳೆ ಶುರು.

ಹಿಂಬದಿಯ ಹಲಗೆಯೊಳಗೆ ಪ್ಲೈವುಡ್ ಇದ್ದೀತು. ಕೊರೆದ ತೂತಿಗೆ ಬೋಟಿಗೆಂದೇ ಮಾಡಿದ ಸೀಲಂಟ್ ತುಂಬಿ, ಸ್ಟೇನ್‌ಲೆಸ್ 316 ತಿರುಪು ಹಾಕಿ. ಹಾಗೇ ಬಿಟ್ಟರೆ ನೀರು ಒಳಗಿಳಿದು ಪ್ಲೈ ಕೊಳೆಯುತ್ತದೆ. ಹೊಸ ಟ್ರಾನ್ಸ್‌ಡ್ಯೂಸರಿನ ಮುಖವನ್ನು ಸೋಪಿನ ನೀರಿನಿಂದ ಉಜ್ಜಿ. ಎಣ್ಣೆಯಂಶವಿದ್ದರೆ ನೀರು ಅಂಟದೆ ಗಾಳಿಯ ಪದರ ನಿಲ್ಲುತ್ತದೆ. ಥಿನ್ನರ್, ಪೆಟ್ರೋಲ್ ಮುಟ್ಟಿಸಲೇಬೇಡಿ.

ಪ್ರ: ಟ್ರಾನ್ಸ್‌ಡ್ಯೂಸರನ್ನು ಫೈಬರಿನ ಒಳಗಿನಿಂದಲೇ ಅಂಟಿಸಬಹುದು ಎನ್ನುತ್ತಾರಲ್ಲ? ನನ್ನದು ಮರದ ಪಾತಿ ದೋಣಿ. (ಹೊನ್ನಾವರ)

ಉ: ಮರದಲ್ಲಿ ಆಗದು. ಒಳಗಿನಿಂದ ಹಾಯಿಸುವುದು ಗಟ್ಟಿ ಫೈಬರಿಗೆ ಮಾತ್ರ. ನಡುವೆ ಫೋಮ್, ಪ್ಲೈ ಇದ್ದರೆ ಅಲ್ಲೂ ಇಲ್ಲ. ನೀವು ಬದಿಗೆ ಕಂಬ ಕಟ್ಟಿ. ಒಂದೂವರೆ ಇಂಚಿನ ಜಿಐ ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಬಿಗಿದು, ತಳಕ್ಕಿಂತ ಗೇಣುದ್ದ ಕೆಳಗಿರುವಂತೆ, ಪಾತಿ (ದೋಣಿ ಮಗುಚದಂತೆ ಬದಿಗೆ ಕಟ್ಟಿದ ತೇಲುದಿಮ್ಮಿ) ಇಲ್ಲದ ಬದಿಗೆ ಎರಡು ಕಡೆ ಹಿಡಿಸಿ. ಒಂದೇ ಕಡೆ ಹಿಡಿದರೆ ಪೈಪು ನಡುಗುತ್ತದೆ, ಪರದೆಯಲ್ಲಿ ನೆಲ ಗರಗಸದಂತೆ ಕಾಣುತ್ತದೆ. ಮೇಲಿನ ಹಿಡಿತ ಕೀಲಿನಂತೆ ತಿರುಗುವಂತಿದ್ದು, ಕೆಳಗಿನದ್ದಕ್ಕೆ ಸಣ್ಣ ಹುರಿ ಕಟ್ಟಿದರೆ, ಕಲ್ಲಿಗೋ ಬಲೆಗೋ ತಾಗಿದಾಗ ಹುರಿ ಹರಿದು ಪೈಪು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬಲೆ ಬಿಡುವ ಬದಿಯೂ ಅದೇ ಆಗಿದ್ದರೆ, ಬಲೆ ಹಾಕುವ ಮೊದಲು ಪೈಪು ಎತ್ತಿಡುವುದನ್ನು ರೂಢಿ ಮಾಡಿಕೊಳ್ಳಿ. ಟ್ರಾನ್ಸ್‌ಡ್ಯೂಸರ್ ನೀರಿನ ಮೇಲ್ಮೈಯಿಂದ ಎಷ್ಟು ಕೆಳಗಿದೆಯೋ ಅದನ್ನು ಸೆಟ್ಟಿಂಗಿನಲ್ಲಿ ಆಳಕ್ಕೆ ಕೂಡಿಸಿ.

ಪ್ರ: ಎಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಪರದೆ ಆರಿ ಹೊತ್ತಿಕೊಳ್ಳುತ್ತದೆ. (ಮಲ್ಪೆ)

ಉ: ಸ್ಟಾರ್ಟರ್ ಎಳೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಫಿಶ್ ಫೈಂಡರಿಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಇಡಿ. ಯಂತ್ರ 0.8 ಆಂಪಿಯರ್ ಎಳೆದರೆ 10 ತಾಸಿಗೆ 8 ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ 18ರದ್ದು ಬೇಕು. ಯುಪಿಎಸ್‌ನ 7ರ ಬ್ಯಾಟರಿ ನಾಲ್ಕು ತಾಸಿನಲ್ಲಿ ಕೈಕೊಡುತ್ತದೆ. ಪಾಸಿಟಿವ್ ತಂತಿಗೆ ಬ್ಯಾಟರಿಯ ಹತ್ತಿರವೇ ಕೈಪಿಡಿ ಹೇಳುವ ಫ್ಯೂಸ್ ಹಾಕಿ, ಸಣ್ಣ ಯಂತ್ರಗಳಿಗೆ ಸಾಮಾನ್ಯವಾಗಿ 3 ಆಂಪಿಯರ್. ಟ್ರಾನ್ಸ್‌ಡ್ಯೂಸರಿನ ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ, ಎಂಜಿನ್ ತಂತಿಯ ಜೊತೆ ಕಟ್ಟಲೂಬೇಡಿ. ಪರದೆಯಲ್ಲಿ ಮಳೆಹನಿಯಂಥ ಚುಕ್ಕೆ ಬರುವುದು ಬಹಳ ಸಲ ಅದರಿಂದ. ಎಂಜಿನ್ ನಿಲ್ಲಿಸಿದರೆ ಚುಕ್ಕೆ ಹೋಯಿತೇ? ಕಾರಣ ತಂತಿ. ಹೋಗದಿದ್ದರೆ ಪಕ್ಕದ ದೋಣಿಯ ಯಂತ್ರ ಅದೇ ಆವರ್ತನದಲ್ಲಿ ಕೂಗುತ್ತಿರಬಹುದು, 200ರಿಂದ 50ಕ್ಕೆ ಬದಲಿಸಿ ನೋಡಿ.

ಪ್ರ: ಪರದೆ ತುಂಬ ಮೀನಿನ ಚಿತ್ರ, ಬಲೆಯಲ್ಲಿ ಏನೂ ಇಲ್ಲ. (ಕಾರವಾರ)

ಉ: ಮೊದಲು ಆ ಮೀನಿನ ಚಿತ್ರ ತೋರಿಸುವ ಆಯ್ಕೆಯನ್ನು ಆಫ್ ಮಾಡಿ. ಗುಳ್ಳೆ, ಕಸ, ಹಗ್ಗ, ಎಲ್ಲಕ್ಕೂ ಅದು ಮೀನಿನ ಬೊಂಬೆ ಹಚ್ಚುತ್ತದೆ. ಬರಿಯ ಪ್ರತಿಧ್ವನಿಯನ್ನೇ ಓದಲು ಕಲಿಯಿರಿ. ಪರದೆಯ ಬಲತುದಿ ಮಾತ್ರ ಈಗಿನದ್ದು, ಎಡಕ್ಕಿರುವುದೆಲ್ಲ ದಾಟಿ ಬಂದದ್ದು. ದೋಣಿ ನಿಂತಿದ್ದರೆ ಅಡಿಯಲ್ಲಿ ನಿಂತ ಒಂದೇ ಮೀನು ಉದ್ದ ಗೆರೆಯಾಗಿ ಕಾಣುತ್ತದೆ. ದೋಣಿ ಸಾಗುತ್ತಿದ್ದರೆ ಅದೇ ಮೀನು ಕಮಾನಾಗುತ್ತದೆ, ಏಕೆಂದರೆ ಶಂಕುವಿನ ಅಂಚಿನಲ್ಲಿದ್ದಾಗ ಅದರ ದೂರ ಹೆಚ್ಚು, ನಟ್ಟನಡುವೆ ಕಡಿಮೆ. ಪ್ರತಿ ಸಲವೂ ಅರ್ಧ ಕಮಾನೇ ಬರುತ್ತಿದ್ದರೆ ಟ್ರಾನ್ಸ್‌ಡ್ಯೂಸರ್ ವಾಲಿದೆ. ಬೂತಾಯಿ, ಬಂಗುಡೆಯ ಹಿಂಡು ಕಮಾನಾಗದೆ ಮೋಡದ ಗಡ್ಡೆಯಂತೆ ನಿಲ್ಲುತ್ತದೆ.

ಸೆನ್ಸಿಟಿವಿಟಿಯನ್ನು (ಕ್ಷೀಣ ಪ್ರತಿಧ್ವನಿಯನ್ನೂ ತೋರಿಸುವ ಮಟ್ಟ) ಆಟೋದಿಂದ ತೆಗೆಯಿರಿ. ಪರದೆಯೆಲ್ಲ ಚುಕ್ಕೆಯಾಗುವಷ್ಟು ಏರಿಸಿ, ಚುಕ್ಕೆ ಚದುರುವಷ್ಟು ಮಾತ್ರ ಇಳಿಸಿ. ತೀರ ಇಳಿಸಿದರೆ ಅಂಜಲ್ ಕಾಣುವುದೇ ಇಲ್ಲ. ಪ್ರತಿಧ್ವನಿಯ ಬಹುಪಾಲು ಬರುವುದು ಮೀನಿನ ಗಾಳಿಚೀಲದಿಂದ. ಅಂಜಲ್‌ಗೆ, ತಾಟೆಗೆ (ಶಾರ್ಕ್) ಗಾಳಿಚೀಲವಿಲ್ಲ, ಹಾಗಾಗಿ ದೊಡ್ಡ ಅಂಜಲ್ ಕೂಡ ತೆಳ್ಳಗೆ ಕಾಣುತ್ತದೆ. ಕೊಡ್ಡಾಯಿಯದ್ದು ದೊಡ್ಡ ಚೀಲ, ಸಣ್ಣ ಮೀನೇ ಢಾಳಾಗಿ ಹೊಳೆಯುತ್ತದೆ. ಕೆಸರಿನಲ್ಲಿ ಹುದುಗಿದ ಸಿಗಡಿಯನ್ನು ಯಾವ ಯಂತ್ರವೂ ತೋರಿಸದು, ಕೆಸರನ್ನು ಮಾತ್ರ ತೋರಿಸುತ್ತದೆ. ಕೆಸರಾದರೆ ನೆಲದ ಗೆರೆ ತೆಳು, ಮಾಸಲು. ಕಲ್ಲಾದರೆ ದಪ್ಪ, ಮತ್ತು ಎರಡರಷ್ಟು ಆಳದಲ್ಲಿ ಇನ್ನೊಂದು ನೆಲ ಕಾಣುತ್ತದೆ: ಶಬ್ದ ಒಮ್ಮೆ ಮೇಲೆ ಬಂದು ಮತ್ತೆ ಕೆಳಗೆ ಹೋಗಿ ಬಂದದ್ದು. 15 ಮೀಟರ್ ನೀರಿನಲ್ಲಿ ಅದನ್ನು ನೋಡಬೇಕಾದರೆ ರೇಂಜನ್ನು (ಪರದೆ ತೋರಿಸುವ ಆಳ) 35 ಮೀಟರಿಗೆ ಇಡಿ.

ಕಾಳಿ ನದಿಯ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ಹಾಸಿಕೊಂಡಾಗ ನಡುವೆ ಅಡ್ಡ ಪಟ್ಟಿಯೊಂದು ಕಾಣುತ್ತದೆ. ಅದು ಮೀನಲ್ಲ. ಆದರೆ ಮೀನು ಅದರ ಅಂಚಿನಲ್ಲಿ ನಿಲ್ಲುವುದುಂಟು.

ಪ್ರ: ಶರಾವತಿ ಹಿನ್ನೀರಿನಲ್ಲಿ ತೆಪ್ಪಕ್ಕೆ ಇದು ಪ್ರಯೋಜನವೇ? (ಸಾಗರ)

ಉ: ಮುಳುಗಿದ ಮರಗಳಿಂದ ಬಲೆ ಉಳಿಸಿಕೊಳ್ಳಲು ಖಂಡಿತ ಪ್ರಯೋಜನ. ಬೊಡ್ಡೆಗಳು ನೆಲದಿಂದ ಎದ್ದ ಕಡ್ಡಿಗಳಂತೆ ಕಾಣುತ್ತವೆ. ಆದರೆ 8 ಮೀಟರ್ ನೀರಿನಲ್ಲಿ 20 ಡಿಗ್ರಿಯ ಶಂಕು ನೋಡುವುದು 3 ಮೀಟರಿಗೂ ಕಡಿಮೆ ಅಗಲ. ಅಲ್ಲಿ ಮೀನು ಹುಡುಕುವೆನೆಂದು ಕೊಳ್ಳಬೇಡಿ. ಸೆಟ್ಟಿಂಗಿನಲ್ಲಿ ‘ಸಿಹಿನೀರು’ ಆರಿಸಲು ಮರೆಯದಿರಿ. ಬೆಚ್ಚಗಿನ ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಆಸುಪಾಸು ಹೋದರೆ ಸಿಹಿನೀರಿನಲ್ಲಿ 1500ಕ್ಕಿಂತ ತುಸು ಆಚೀಚೆ. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದ ಯಂತ್ರವಾದರೆ ಇದನ್ನೇ ಮೊದಲು ನೋಡಿ. ಪರದೆಗೂ ಟ್ರಾನ್ಸ್‌ಡ್ಯೂಸರಿಗೂ ಪಿನ್ ಹೊಂದುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಜೋಡಿಸಿ, ನೀರಿಗಿಳಿಸಿ, ಆಳ ಬರುವುದನ್ನು ಕಣ್ಣಾರೆ ಕಂಡುಕೊಳ್ಳಿ.