ನಾಲ್ಕನೇ ಪಂದ್ಯ ಆಡೋರು ಯಾರು?

ಪತ್ರ: ಮಾನ್ಯ ಸಂಪಾದಕರೇ, ಭಾರತ ಗೆದ್ದ 2022ರ ಥಾಮಸ್ ಕಪ್ (ಪುರುಷರ ಬ್ಯಾಡ್ಮಿಂಟನ್ ತಂಡಗಳ ವಿಶ್ವ ಟೂರ್ನಿ) ಪಂದ್ಯಗಳನ್ನು ಮೊನ್ನೆ ಮತ್ತೆ ನೋಡಿದೆ. ಲಕ್ಷ್ಯ ಸೇನ್ ಕ್ವಾರ್ಟರ್ ಫೈನಲ್‌ನಲ್ಲೂ ಸೋತರು, ಸೆಮಿಫೈನಲ್‌ನಲ್ಲೂ ಸೋತರು. ಆದರೂ ಫೈನಲ್‌ನಲ್ಲಿ ಅವರನ್ನೇ ಮೊದಲು ಇಳಿಸಿದರು. ಗೆಲ್ಲುತ್ತಿದ್ದ ಪ್ರಣಯ್ ಕೊನೆಗೆ. ಇದನ್ನೆಲ್ಲ ತೀರ್ಮಾನ ಮಾಡೋದು ಯಾರು? ಕ್ರಿಕೆಟ್ ತಂಡ ವರ್ಷವಿಡೀ ಕಣ್ಣಿಗೆ ಕಾಣುತ್ತದೆ. ಬ್ಯಾಡ್ಮಿಂಟನ್‌ನಲ್ಲಿ ಭಾರತ ತಂಡ ಅಂತ ನಿಜಕ್ಕೂ ಒಂದಿದೆಯಾ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಲಕ್ಷ್ಯ ಸೇನ್ ವಿಷಯ ಮುಗಿಸಿಬಿಡೋಣ. ಆ ಕ್ರಮ ಯಾವ ಕೋಚ್‌ನ ತೀರ್ಮಾನವೂ ಅಲ್ಲ. ಟೈನಲ್ಲಿ, ಅಂದರೆ ಎರಡು ದೇಶಗಳ ಮುಖಾಮುಖಿಯಲ್ಲಿ, ಸಿಂಗಲ್ಸ್ ಆಡುವ ಮೂವರು ವಿಶ್ವ ರ‍್ಯಾಂಕಿಂಗ್ ಪ್ರಕಾರವೇ ಇಳಿಯಬೇಕು. ಆಗ ನಮ್ಮವರಲ್ಲಿ ಲಕ್ಷ್ಯ ಮೇಲಿದ್ದರು, ಆಮೇಲೆ ಕಿಡಂಬಿ ಶ್ರೀಕಾಂತ್, ಆಮೇಲೆ ಎಚ್.ಎಸ್. ಪ್ರಣಯ್. ಈ ನಿಯಮ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. ಎದುರಾಳಿಯ ಬಲಿಷ್ಠ ಆಟಗಾರನ ಮುಂದೆ ಒಬ್ಬ ದುರ್ಬಲನನ್ನು ಸುಮ್ನೆ ಬಿಟ್ಟು, ಒಳ್ಳೆಯವರನ್ನು ಹಿಂದಕ್ಕೆ ಇಟ್ಟುಕೊಳ್ಳುತ್ತಿದ್ದರು. ಲಕ್ಷ್ಯ ಸೋತದ್ದು ಮಲೇಷ್ಯಾದ ಲೀ ಝೀ ಜಿಯಾಗೆ ಮತ್ತು ಡೆನ್ಮಾರ್ಕ್‌ನ ವಿಕ್ಟರ್ ಅಕ್ಸೆಲ್ಸನ್‌ಗೆ. ಅಕ್ಸೆಲ್ಸನ್ ಆಗ ಒಲಿಂಪಿಕ್ ಚಾಂಪಿಯನ್. ಮೊದಲ ಸ್ಥಾನದಲ್ಲಿ ಆಡುವವನ ಹಣೆಬರಹವೇ ಅದು. ಫೈನಲ್‌ನಲ್ಲಿ ಇಂಡೊನೇಷ್ಯಾದ ಗಿಂಟಿಂಗ್ ಎದುರು ಮೊದಲ ಗೇಮ್ 8-21ರಲ್ಲಿ ಹೋಯಿತು. ಮುಂದಿನ ಎರಡು ಗೇಮ್ 21-17, 21-16. ಅಲ್ಲಿಗೆ ಸೋಲಿನ ಬಾಕಿ ಚುಕ್ತಾ ಆಯಿತು.

ಒಂದು ಟೈನಲ್ಲಿ ಐದು ಪಂದ್ಯ: ಮೂರು ಸಿಂಗಲ್ಸ್, ಎರಡು ಡಬಲ್ಸ್. ಮೂರು ಗೆದ್ದವರು ಮುಂದಕ್ಕೆ. ಸಾಮಾನ್ಯವಾಗಿ ಸಿಂಗಲ್ಸ್ ಆದಮೇಲೆ ಡಬಲ್ಸ್, ಮತ್ತೆ ಸಿಂಗಲ್ಸ್, ಮತ್ತೆ ಡಬಲ್ಸ್, ಕೊನೆಗೆ ಮೂರನೇ ಸಿಂಗಲ್ಸ್. ನಾಲ್ಕನೆಯದು ಎರಡನೇ ಡಬಲ್ಸ್. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರಬೇಕಾಗುತ್ತದೆ.

ಈಗ ತಂಡ ಇದೆಯಾ ಅನ್ನುವ ಪ್ರಶ್ನೆ. ಇದೆ, ಆದರೆ ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಇವರೆಲ್ಲ ವರ್ಲ್ಡ್ ಟೂರ್ ಅನ್ನುವ ಟೂರ್ನಿಗಳ ಸರಣಿಯಲ್ಲಿ ತಮ್ಮ ತಮ್ಮ ದಾರಿ ನೋಡಿಕೊಳ್ಳುವವರು. ಸೂಪರ್ 1000, 750, 500, 300 ಅಂತ ಟೂರ್ನಿಗಳಿಗೆ ಮಟ್ಟಗಳಿವೆ. ಆಲ್ ಇಂಗ್ಲೆಂಡ್ ಸೂಪರ್ 1000, ದೆಹಲಿಯ ಇಂಡಿಯಾ ಓಪನ್ ಸೂಪರ್ 750, ಲಖನೌದ ಸೈಯದ್ ಮೋದಿ ಟೂರ್ನಿ ಸೂಪರ್ 300. 52 ವಾರಗಳಲ್ಲಿ ಆಡಿದ್ದರಲ್ಲಿ ಒಳ್ಳೆಯ 10 ಫಲಿತಾಂಶ ಎಣಿಸಿ ರ‍್ಯಾಂಕಿಂಗ್ ಕೊಡುತ್ತಾರೆ. ಅಲ್ಲಿ ಪ್ರಣಯ್ ಮತ್ತು ಲಕ್ಷ್ಯ ಎದುರಾಳಿಗಳು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಇವರಿಬ್ಬರೇ ಎದುರುಬದುರು ಬಂದು ಒಬ್ಬರು ಮನೆಗೆ ಹೋಗಬೇಕಾಯಿತು. ಒಲಿಂಪಿಕ್ಸ್‌ನಲ್ಲಿ ಬ್ಯಾಡ್ಮಿಂಟನ್‌ಗೆ ತಂಡ ಸ್ಪರ್ಧೆಯೇ ಇಲ್ಲ. ಬೇರೆ ಬೇರೆ ಊರಲ್ಲಿ ದುಡಿಯುವ ಅಣ್ಣತಮ್ಮಂದಿರು ಹಬ್ಬಕ್ಕೆ ಮನೆಗೆ ಬರುವ ಹಾಗೆ, ಇವರು ಒಂದೇ ಬೆಂಚಿನಲ್ಲಿ ಕೂರೋದು ಥಾಮಸ್ ಕಪ್, ಮಹಿಳೆಯರ ಊಬರ್ ಕಪ್, ಮಿಶ್ರ ತಂಡಗಳ ಸುದಿರ್ಮನ್ ಕಪ್, ಏಷ್ಯನ್ ತಂಡ ಚಾಂಪಿಯನ್‌ಶಿಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್‌ನಂಥ ಕಡೆ ಮಾತ್ರ.

ಇವರನ್ನು ಸೇರಿಸುವವರು 1934ರಲ್ಲಿ ಹುಟ್ಟಿದ ಬ್ಯಾಡ್ಮಿಂಟನ್ ಅಸೋಸಿಯೇಷನ್ ಆಫ್ ಇಂಡಿಯಾ. ಅದರ ಕೆಳಗೆ ರಾಜ್ಯ ಸಂಸ್ಥೆಗಳು. ಹದಿಮೂರರೊಳಗಿನ ಮಕ್ಕಳಿಂದ ಹಿಡಿದು ರ‍್ಯಾಂಕಿಂಗ್ ಟೂರ್ನಿಗಳು, ಕೊನೆಗೆ ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಶಿಪ್. ವಿದೇಶದ ಟೂರ್ನಿಗೂ ಆಟಗಾರರ ಹೆಸರು ಹೋಗೋದು ಇದೇ ಸಂಸ್ಥೆಯ ಮೂಲಕ. ತಂಡದ ಆಯ್ಕೆಯಲ್ಲಿ ವಿಶ್ವ ರ‍್ಯಾಂಕಿಂಗ್‌ನಲ್ಲಿ ತುಂಬ ಮೇಲಿರುವವರಿಗೆ ನೇರ ಜಾಗ, ಉಳಿದವರಿಗೆ ಟ್ರಯಲ್ಸ್. 2022ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಹೀಗೇ ಟ್ರಯಲ್ಸ್ ಆಗಿತ್ತು. ಜಗಳ ಬರೋದೂ ಇಲ್ಲೇ. ಆಯ್ಕೆಯಾಗದವರು ಹೈಕೋರ್ಟ್‌ವರೆಗೂ ಹೋದದ್ದಿದೆ.

ಖರ್ಚಿನ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು. ಒಲಿಂಪಿಕ್ ಪದಕದ ಆಸೆ ಇರುವವರಿಗೆ ಟಾಪ್ಸ್ ಯೋಜನೆಯಲ್ಲಿ ತರಬೇತಿ, ಪ್ರಯಾಣ, ಜೊತೆಗೆ ತಿಂಗಳಿಗೆ 50,000 ರೂಪಾಯಿ ಭತ್ಯೆ ಸಿಗುತ್ತದೆ.

ಆದರೆ ಆಟಗಾರರನ್ನು ತಯಾರು ಮಾಡಿದ್ದು ಯಾರು ಅಂತ ಕೇಳಿದರೆ ನಾನು ಎರಡು ಊರಿನ ಹೆಸರು ಹೇಳುತ್ತೇನೆ: ಬೆಂಗಳೂರು ಮತ್ತು ಹೈದರಾಬಾದ್. ಪ್ರಕಾಶ್ ಪಡುಕೋಣೆ ಅಕಾಡೆಮಿ ಶುರುವಾದದ್ದು 1994ರಲ್ಲಿ. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು, ಮುಂದೆ ಹೈದರಾಬಾದ್‌ನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದರು. ಅಲ್ಮೋರಾದ ಹುಡುಗ ಲಕ್ಷ್ಯ ಬೆಳೆದದ್ದು ಬೆಂಗಳೂರಿನಲ್ಲಿ. ಶ್ರೀಕಾಂತ್, ಪ್ರಣಯ್ ಹೈದರಾಬಾದ್‌ನಲ್ಲಿ. ಆ ಥಾಮಸ್ ಕಪ್ ನಡೆದ ಬ್ಯಾಂಕಾಕ್‌ನಲ್ಲಿ ತಂಡದ ಜೊತೆ ಕೋಚ್ ವಿಮಲ್ ಕುಮಾರ್ ಇದ್ದರು. ನಮ್ಮ ಮೊದಲ ಡಬಲ್ಸ್ ಜೋಡಿ ಸಾತ್ವಿಕ್-ಚಿರಾಗ್‌ಗೆ ಆಗ ಡೆನ್ಮಾರ್ಕ್‌ನ ಮಥಿಯಾಸ್ ಬೋ ಕೋಚ್ ಆಗಿದ್ದರು. ಸೆಮಿಫೈನಲ್‌ನಲ್ಲಿ ಎದುರಿದ್ದದ್ದು ಬೋ ಅವರ ದೇಶವೇ! ಕ್ರಿಕೆಟ್‌ನ ಹಾಗೆ ಒಬ್ಬ ಯಜಮಾನ ಕೋಚ್ ಎಲ್ಲರಿಗೂ ಆಟ ಹೇಳಿಕೊಡೋದಿಲ್ಲ. ಪಾಯಿಂಟ್‌ಗಳ ನಡುವೆ ಕೋರ್ಟಿನ ಹಿಂದೆ ಕೂತು ಮಾತಾಡುವವರು ಆಯಾ ಆಟಗಾರನನ್ನು ಬಲ್ಲವರಾಗಿರಬೇಕು, ಅಷ್ಟೆ.

ಈಗ ನಾಲ್ಕನೇ ಪಂದ್ಯಕ್ಕೆ ಬರೋಣ. ಮಲೇಷ್ಯಾ ಎದುರು 3-2. ಡೆನ್ಮಾರ್ಕ್ ಎದುರೂ 3-2. ಎರಡೂ ಟೈಗಳಲ್ಲಿ ಗೆದ್ದದ್ದು ಅದೇ ಮೂರು ಪಂದ್ಯ: ಸಾತ್ವಿಕ್-ಚಿರಾಗ್, ಶ್ರೀಕಾಂತ್, ಪ್ರಣಯ್. ಎರಡರಲ್ಲೂ ಎರಡನೇ ಡಬಲ್ಸ್ ಸೋತೆವು. ಹಾಗಾಗಿ ಎರಡು ಸಲವೂ 2-2 ಆದಾಗ ಪ್ರಣಯ್ ಕೋರ್ಟಿಗೆ ಇಳಿಯಬೇಕಾಯಿತು. ಡೆನ್ಮಾರ್ಕ್‌ನ ಗೆಮ್ಕೆ ಎದುರು ಅವರು ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಮೊದಲ ಗೇಮ್ 13-21. ಆಮೇಲೆ ನೋವಿನಲ್ಲೇ 21-9, 21-12. ಆ ಪಂದ್ಯವನ್ನು ನೀವು ಮತ್ತೆ ನೋಡಿದ್ದೀರಿ ಅಂದಮೇಲೆ ನಾನು ಜಾಸ್ತಿ ಹೇಳಬೇಕಿಲ್ಲ ಅಲ್ವಾ? ಫೈನಲ್‌ನಲ್ಲಿ 3-0 ಆಗಿ ನಾಲ್ಕನೇ ಪಂದ್ಯವೇ ಬರಲಿಲ್ಲ. 14 ಸಲ ಕಪ್ ಗೆದ್ದಿದ್ದ ಇಂಡೊನೇಷ್ಯಾ ವಿರುದ್ಧ ಅದೊಂದು ದೊಡ್ಡ ಪುಣ್ಯ.

ನನ್ನ ಪ್ರಕಾರ ಅವತ್ತಿನ ಭಾರತದ ಹತ್ತಿರ ಇದ್ದದ್ದು ನಾಲ್ಕು ಪಂದ್ಯದ ತಂಡ: ಮೂರು ಸಿಂಗಲ್ಸ್, ಒಂದೇ ಡಬಲ್ಸ್. ಆ ನಾಲ್ಕರಲ್ಲಿ ಒಂದು ಕಳಚಿದರೆ ಏನು ಅನ್ನುವುದಕ್ಕೆ ಮುಂದಿನ ವರ್ಷ ಹಾಂಗ್‌ಝೌನಲ್ಲಿ ಉತ್ತರ ಸಿಕ್ಕಿತು. ಏಷ್ಯನ್ ಗೇಮ್ಸ್ ಪುರುಷರ ತಂಡ ಫೈನಲ್, ಎದುರಿಗೆ ಚೀನಾ. ಲಕ್ಷ್ಯ ಗೆದ್ದರು, ಸಾತ್ವಿಕ್-ಚಿರಾಗ್ ಗೆದ್ದರು, 2-0. ಆದರೆ ಪ್ರಣಯ್ ಬೆನ್ನುನೋವಿನಿಂದ ಹೊರಗೆ. ಶ್ರೀಕಾಂತ್ ಸೋತರು, ಎರಡನೇ ಡಬಲ್ಸ್ ಸೋತೆವು. ಕೊನೆಯ ಪಂದ್ಯದ ಭಾರ ಬಿದ್ದದ್ದು ನಮ್ಮ ಬೆಂಗಳೂರಿನ ಮಿಥುನ್ ಮಂಜುನಾಥ್ ಮೇಲೆ. ರಾಷ್ಟ್ರೀಯ ಚಾಂಪಿಯನ್ ಆದವರೇ, ಆದರೂ ಚೀನಾದ ಮೂರನೇ ಸಿಂಗಲ್ಸ್ ಆಟಗಾರ ವೆಂಗ್ ಹಾಂಗ್‌ಯಾಂಗ್ ಬೇರೆಯೇ ಮಟ್ಟ. 2-3, ಬೆಳ್ಳಿ. ಅವತ್ತು ಮಿಥುನ್‌ರನ್ನು ಬೈದವರ ಮಾತು ಸರಿಯಲ್ಲ. ತಂಡದ ಆಳ ಅಷ್ಟೇ ಇತ್ತು.

ಹೆಣ್ಣುಮಕ್ಕಳ ಕಥೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2014 ಮತ್ತು 2016ರಲ್ಲಿ ಊಬರ್ ಕಪ್ ಕಂಚು ಬಂದಾಗ ಸೈನಾ, ಸಿಂಧು ಹೆಸರು ಎಲ್ಲೆಡೆ ಕೇಳಿತು. 2014ರಲ್ಲಿ ಡಬಲ್ಸ್ ಹೊತ್ತವರು ಜ್ವಾಲಾ ಗುಟ್ಟಾ ಮತ್ತು ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ. 2018ರ ಕಾಮನ್‌ವೆಲ್ತ್ ಮಿಶ್ರ ತಂಡದ ಚಿನ್ನದಲ್ಲೂ ಅಶ್ವಿನಿ ಇದ್ದರು. 2024ರ ಫೆಬ್ರವರಿಯಲ್ಲಿ ಮಲೇಷ್ಯಾದ ಶಾ ಆಲಂನಲ್ಲಿ ನಮ್ಮ ಮಹಿಳೆಯರು ಮೊದಲ ಬಾರಿ ಏಷ್ಯನ್ ತಂಡ ಚಾಂಪಿಯನ್‌ಶಿಪ್ ಗೆದ್ದರು. ಫೈನಲ್‌ನಲ್ಲಿ ಥಾಯ್ಲೆಂಡ್ ಎದುರು 2-2 ಆದಾಗ ಐದನೇ ಪಂದ್ಯ ಗೆದ್ದುಕೊಟ್ಟವಳು 17 ವರ್ಷದ ಅನ್ಮೋಲ್ ಖರಬ್. ವಿಶ್ವ ರ‍್ಯಾಂಕಿಂಗ್‌ನಲ್ಲಿ ಎಲ್ಲೋ ಕೆಳಗಿದ್ದ ಹುಡುಗಿ, ಎರಡು ತಿಂಗಳ ಹಿಂದೆ ರಾಷ್ಟ್ರೀಯ ಚಾಂಪಿಯನ್ ಆಗಿದ್ದಳು.

ಮೂರನೇ ಸಿಂಗಲ್ಸ್‌ಗೆ ಹೀಗೆ ಒಬ್ಬರು ದಿಢೀರನೆ ಸಿಗಬಹುದು. ಡಬಲ್ಸ್ ಜೋಡಿ ಹಾಗೆ ಸಿಗೋದಿಲ್ಲ. ಇಬ್ಬರು ವರ್ಷಗಟ್ಟಲೆ ಜೊತೆಯಲ್ಲೇ ಆಡಿರಬೇಕು. ಒಬ್ಬರಿಗೆ ಪೆಟ್ಟಾದರೆ ಇಬ್ಬರೂ ಮನೆಯಲ್ಲಿ. ಸುದಿರ್ಮನ್ ಕಪ್‌ನಲ್ಲಂತೂ ಐದರಲ್ಲಿ ಮೂರು ಡಬಲ್ಸೇ: ಪುರುಷರದ್ದು, ಮಹಿಳೆಯರದ್ದು, ಮಿಶ್ರ. 1989ರಿಂದ ನಡೆಯುತ್ತಿರುವ ಆ ಟೂರ್ನಿಯಲ್ಲಿ ನಮಗೆ ಒಂದು ಪದಕವೂ ಬಂದಿಲ್ಲ. 2025ರಲ್ಲಿ ಶಿಯಾಮೆನ್‌ಗೆ ಹೋದಾಗ ಸಾತ್ವಿಕ್-ಚಿರಾಗ್ ಇರಲಿಲ್ಲ, ಮಹಿಳಾ ಡಬಲ್ಸ್ ಜೋಡಿ ಟ್ರೀಸಾ-ಗಾಯತ್ರಿಯೂ ಇರಲಿಲ್ಲ. ಗುಂಪಿನ ಹಂತದಲ್ಲೇ ವಾಪಸ್ ಬಂದೆವು.